ಚಕ್ಕುಬಂದಿ

ವಿರಾಜಪೇಟೆ ಉಪನೋಂದಣಿ ಕಚೇರಿಯ ಎದುರು
ಎರಡು ಬೆಂಚು, ಒಂದು ಮೇಜು, ಮೇಜಿನ ಮೇಲೆ
ಹನ್ನೊಂದು ವರ್ಷದ ಲ್ಯಾಪ್‌ಟಾಪು.
ಗುಂಡಿ ಒತ್ತಿದರೆ ಒಳಗೆ ಯಾರೋ
ಕಡಂಬುಟ್ಟಿಗೆ ಅಕ್ಕಿ ತರಿ ಬೀಸಿದಂತೆ ಸದ್ದು,
ಆಮೇಲೆ ಒಂಬತ್ತು ನಿಮಿಷ
ನೀಲಿ ಪರದೆಯಲ್ಲಿ ಚುಕ್ಕಿಗಳ ಪ್ರದಕ್ಷಿಣೆ.

ಪತ್ರ ಬರೆಸಲು ಬಂದವರು ಗಡಿಯಾರ ನೋಡುತ್ತಾರೆ,
ನಂತರ ನನ್ನನ್ನು,
ನಂತರ, ಬೇರೆ ದಾರಿಯಿಲ್ಲದೆ, ಒಬ್ಬರನ್ನೊಬ್ಬರು.

ಕುಟ್ಟಪ್ಪ, ಬೆಳ್ಳಿಯಪ್ಪ ಬಂದಿದ್ದರು ಒಮ್ಮೆ, ಪಾಲುಪಟ್ಟಿಗೆ.
ಒಂದೇ ಬೆಂಚಿನ ಎರಡು ತುದಿ. ನಡುವೆ ಒದ್ದೆ ಕೊಡೆ.
ನಾಲ್ಕನೇ ನಿಮಿಷಕ್ಕೆ ಅಣ್ಣ ಕೆಮ್ಮಿದ.
ಆರನೆಯದಕ್ಕೆ ತಮ್ಮ, ಯಾರಿಗೂ ಅಲ್ಲವೆಂಬಂತೆ,
"ಗಡಿ ಹಲಸಿಗೆ ನಿನ್ನೆ ಆನೆ ಬಂದಿತ್ತು."
"ಒಂಟಿಯಾ?"
"ಮರಿಯೂ ಇತ್ತು."
ಚುಕ್ಕಿ ಸುತ್ತುತ್ತಲೇ ಇತ್ತು.
ಪರದೆ ತೆರೆಯುವಾಗ ಕೊಡೆ ಬೆಂಚಿನ ಕೆಳಗೆ;
ನಾನು ಕರಡಿನಲ್ಲಿಲ್ಲದ ಸಾಲೊಂದನ್ನು ಟೈಪು ಮಾಡಿದೆ:
ಸದರಿ ಹಲಸಿನ ಮರ ಉಭಯತ್ರರಿಗೂ ಸೇರಿದ್ದು.

ಆದರೂ ಸಾಕಾಯಿತು. ಜುಲೈಯಲ್ಲಿ ಕರೆಂಟು
ಗಂಟೆಗೊಮ್ಮೆ ಹೋಗಿ ಬರುತ್ತದೆ, ಬ್ಯಾಟರಿಗೆ ಉಸಿರಿಲ್ಲ,
ಪ್ರತಿ ಸಲವೂ ಮತ್ತೆ ಒಂಬತ್ತು.

ಗಡಿಯಾರ ಕಂಬದ ಹಿಂದೆ ಜಸೀಲಾಳ ಅಂಗಡಿ.
"ಹೊಸದು ಯಾಕೆ ಸಾರ್, ಎಸ್‌ಎಸ್‌ಡಿ ಹಾಕುವ,"
ಅಂದು ಅಂಗೈಯಲ್ಲಿಟ್ಟಳು:
ಗ್ಲೂಕೋಸ್ ಬಿಸ್ಕತ್ತಿಗಿಂತ ತುಸು ದೊಡ್ಡದು,
ತೂಕವೇ ಇಲ್ಲ. ಒಳಗೆ ತಿರುಗುವುದು ಏನೂ ಇಲ್ಲವಂತೆ.
ನೂರಿಪ್ಪತ್ತು ಜೀಬಿ. ಹಳೆಯದು ಐನೂರು.

ತಿರುಪುಗಳನ್ನು ಬಾಟಲಿ ಮುಚ್ಚಳದಲ್ಲಿ ಎಣಿಸಿಟ್ಟಳು: ಎಂಟು.
ತೂತು ಒಂಬತ್ತು.
ಫ್ಯಾನಿನ ಸಂದಿಗೆ ಕುಂಚ ಹಾಕಿದರೆ
ಧೂಳಿನ ಜೊತೆ ಉರುಳಿ ಬಂತು ಒಂದು ಕಾಳುಮೆಣಸು.
ಯಾವ ಕಕ್ಷಿದಾರನ ಜೇಬಿನದೋ.
ಕೈಯ ಚಾಳಿ, ಮನಸ್ಸಿನಲ್ಲೇ ಬರೆದುಕೊಂಡೆ:
ಪೂರ್ವಕ್ಕೆ ಫ್ಯಾನು, ಪಶ್ಚಿಮಕ್ಕೆ ಸತ್ತ ಬ್ಯಾಟರಿ,
ಉತ್ತರಕ್ಕೆ ತಿರುಪಿಲ್ಲದ ತೂತು,
ದಕ್ಷಿಣಕ್ಕೆ ಜಸೀಲಾಳ ಎಡಗೈ ಹೆಬ್ಬೆರಳು.
ಈ ಮಧ್ಯೆ ಇರುವ ಸ್ವತ್ತು ಸದ್ಯಕ್ಕೆ ಖಾಲಿ.

ಏನನ್ನು ಒಯ್ಯುವುದು, ಏನನ್ನು ಬಿಡುವುದು?
ಬರೆದ ಪತ್ರಗಳೆಲ್ಲ ಸೇರಿ ಎರಡೂವರೆ ಜೀಬಿಯೂ ಇಲ್ಲ:
ಹನ್ನೊಂದು ವರ್ಷದ ಗದ್ದೆ, ತೋಟ, ಬಾವಿಯ ನೀರಿನ ಪಾಳಿ,
ಮುನಿಸು, ಒಪ್ಪಿಗೆ, ಎಡಗೈ ಹೆಬ್ಬೆಟ್ಟು.
ಮಿಕ್ಕಿದ್ದು ನಾದಿನಿಯ ಮಗಳ ಮದುವೆ ವಿಡಿಯೊ,
ಒಂದೇ ಮದುವೆ, ಮೂರು ಪ್ರತಿ.

"ಪಾರ್ಟಿಷನ್ ಎಷ್ಟು ಮಾಡ್ಲಿ ಸಾರ್?"
ನಗು ಬಂತು. ಜೀವಮಾನವೆಲ್ಲ
ಅದನ್ನೇ ಮಾಡಿ ಅನ್ನ ತಿಂದವನು.
"ಒಂದೇ ಇರಲಿ," ಅಂದೆ. "ಇದಾದರೂ ಒಟ್ಟಿಗಿರಲಿ."

ಮರುದಿನ ಗುಂಡಿ ಒತ್ತಿದೆ. ಸದ್ದಿಲ್ಲ.
ಕೆಟ್ಟಿತೆಂದು ಕಿವಿ ಹಚ್ಚಿ ಬಾಗುವಷ್ಟರಲ್ಲಿ
ಪರದೆ ಬೆಳಗಿತ್ತು. ಹನ್ನೆರಡು ಸೆಕೆಂಡು.
(ಸರ್ಕಾರದ ತಂತ್ರಾಂಶಕ್ಕೆ ಕಾವೇರಿ ಎಂದು ಹೆಸರು;
ಅದು ತವರಿನಲ್ಲೂ ಆಗಾಗ ಬತ್ತುತ್ತದೆ.
ಅದಕ್ಕೆ ಜಸೀಲಾಳ ಬಳಿಯೂ ಮದ್ದಿಲ್ಲ.)

ಮೊದಲ ಗಿರಾಕಿ ಉತ್ತಯ್ಯ. ಜೊತೆಯಲ್ಲಿ ತಂಗಿ ಬೊಳ್ಳವ್ವ.
ತನ್ನ ಪಾಲು ಅಣ್ಣನಿಗೆ ಬಿಟ್ಟುಕೊಡುವ ಪತ್ರ.
ಹೆಸರು, ಸರ್ವೆ ನಂಬರು, ತಾನಾಗಿ, ಸ್ವಸಂತೋಷದಿಂದ,
ಯಾರ ಒತ್ತಾಯವೂ ಇಲ್ಲದೆ...
ನುಡಿ ಅಕ್ಷರಗಳು ಬೆರಳಿಗಿಂತ ಮುಂದೆ ಓಡಿದವು.
ಉತ್ತಯ್ಯ ಮೆಚ್ಚಿದ: "ಭಾರಿ ಸ್ಪೀಡು!"
ಬೊಳ್ಳವ್ವ ಇನ್ನೂ ಕನ್ನಡಕದ ಮಂಜು ಒರೆಸುತ್ತಿದ್ದಳು.
"ಆಯ್ತಾ?" ಅಂದಳು. "ಇಷ್ಟು ಬೇಗನಾ?"

ಮೇಜಿನಡಿಯಲ್ಲಿ ನನ್ನ ಕಾಲ್ಬೆರಳು
ಪ್ರಿಂಟರಿನ ಪ್ಲಗ್ಗನ್ನು ಮೆಲ್ಲಗೆ ಎಳೆಯಿತು.
"ಪ್ರಿಂಟರು ಸ್ವಲ್ಪ ಹಳೆಯದಮ್ಮಾ.
ತಡವಾಗುತ್ತದೆ. ಕಾಫಿ ತರಿಸುತ್ತೇನೆ, ಕೂತಿರಿ."

ಅವಳು ಕೂತಳು.
ಉತ್ತಯ್ಯ ಗಡಿಯಾರ ನೋಡಿದ,
ನಂತರ ನನ್ನನ್ನು.